ಶ್ರೀ ಇಲ್ಲದ ಕಾರ್ಡುಗಳು

ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಕಪ್ಪು ಹಸುಗಳು. ಅಷ್ಟೂ ಹಸುಗಳ ಹಣೆಯ ಮೇಲೆ ಒಂದೊಂದು ಬಿಳಿ ಚುಕ್ಕೆ. ಅಷ್ಟೂ ಹಸುಗಳು ಬೆಳಿಗ್ಗೆ ಎರಡು ಸೇರು, ಸಂಜೆ ಒಂದೂವರೆ ಸೇರು ಹಾಲು ಕೊಡುತ್ತಿದ್ದವು. ಪಾತ್ರೆಗೆ ಕಲಾಯಿ ಹಾಕುವವರ ಮನೆಯ ಹುಡುಗನ ಹಸುವೂ ಅಷ್ಟೇ ಕೊಡುತ್ತಿತ್ತು. ಆ ಮನೆಯಲ್ಲಿ ನಾನು ಕಂಡಂತೆ ಎರಡು ಕೋಳಿಗಳಿದ್ದವು, ಅಷ್ಟೆ.

"ನಿಮ್ಮನೆಯಲ್ಲಿ ಹಸು ಎಲ್ಲಿದೆಯೋ?" ಎಂದು ಅವನನ್ನು ಎಬ್ಬಿಸಿ ಕೇಳಿದೆ.

"ಮನ್ಯಾಗೆ ಇಲ್ಲ ಸಾ. ಪ್ರಬಂಧದಾಗೆ ಐತಿ" ಎಂದ.

ಆಗ ನನಗೆ ಇಪ್ಪತ್ಮೂರು ವರ್ಷ. ಹೊಸ ಪೈಸೆ ಬಂದಿದ್ದರೂ ಜನರ ಬಾಯಿಂದ ಅಣೆ ಇನ್ನೂ ಹೋಗದಿದ್ದ ಕಾಲ. ಟ್ರೈನಿಂಗ್ ಮುಗಿಸಿ ಶಿಕಾರಿಪುರದ ಒಂದು ಮಿಡ್ಲ್‌ಸ್ಕೂಲಿಗೆ ಬಂದಿದ್ದೆ. ಕೊನೆಯ ವರ್ಷದ ಮಕ್ಕಳಿಗೆ ಕನ್ನಡ ನನ್ನ ಪಾಲಿಗೆ ಬಿದ್ದಿತ್ತು. ನಮ್ಮ ಹೆಡ್‌ಮಾಸ್ಟರ ಬಳಿ ಒಂದು ದಪ್ಪ ರಟ್ಟಿನ ನೋಟ್ ಪುಸ್ತಕವಿತ್ತು. ಅದರಲ್ಲಿ ಹಸು, ಬೆಳದಿಂಗಳು, ರೈಲು ಪ್ರಯಾಣ ಎಂದು ಇಪ್ಪತ್ತೋ ಮೂವತ್ತೋ ಪ್ರಬಂಧಗಳು. ಅವನ್ನು ವರ್ಷವರ್ಷವೂ ಸರದಿಯ ಮೇಲೆ ಹೇಳಿ ಬರೆಸುವುದು, ಮಕ್ಕಳು ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಇಳಿಸುವುದು. ಶಿಕಾರಿಪುರಕ್ಕೆ ರೈಲೇ ಇರಲಿಲ್ಲ. ಆದರೂ ನನ್ನ ಮೂವತ್ತೆಂಟು ಮಕ್ಕಳೂ ಕಿಟಕಿಯ ಪಕ್ಕದಲ್ಲೇ ಕೂತು, ಹಿಂದಕ್ಕೆ ಓಡುವ ಮರಗಳನ್ನು ಕಂಡು ಬೆರಗಾಗಿದ್ದರು. ನೋಟ್ ಪುಸ್ತಕ ತಿದ್ದುತ್ತಾ ನಾನು ಹಲ್ಲು ಕಡಿಯುತ್ತಿದ್ದೆ. ತಿದ್ದುವುದಕ್ಕೆ ತಪ್ಪಾದರೂ ಎಲ್ಲಿತ್ತು? ಒಂದು ತಪ್ಪಿದ್ದರೆ ಅದು ಮೂವತ್ತೆಂಟು ಕಡೆಯೂ ಇರುತ್ತಿತ್ತು, ಹೆಡ್‌ಮಾಸ್ಟರ ಪುಸ್ತಕದಲ್ಲೂ ಇರುತ್ತಿತ್ತು.

ಅಂಥದ್ದರಲ್ಲಿ ತಾಲ್ಲೂಕಿನ ಮೇಷ್ಟ್ರುಗಳ ತಿಂಗಳ ಸಭೆಗೆ ಇನ್ಸ್‌ಪೆಕ್ಟರು ಬಂದರು. ಮಕ್ಕಳ ಬರವಣಿಗೆ ತೀರಾ ಕಳಪೆಯಾಗಿದೆ, ಬರೆಯುವುದನ್ನು ಕಲಿಸುವ ರೀತಿಯೇ ಬದಲಾಗಬೇಕು, ಪ್ರತಿಯೊಬ್ಬರೂ ಏನಾದರೊಂದು ಹೊಸ ವಿಧಾನ ಮಾಡಿ ನೋಡಿ ವರದಿ ಕೊಡಬೇಕು ಎಂದರು. ಮೇಷ್ಟ್ರುಗಳೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ತಲೆಯಾಡಿಸಿದರು. ಅವರಿಗೆಲ್ಲ ಗೊತ್ತಿತ್ತು, ವರದಿ ಎಂದರೆ ವರದಿ, ವಿಧಾನ ಎಂದರೆ ವಿಧಾನ, ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲವೆಂದು. ಆ ಮಾತನ್ನು ನಿಜವೆಂದು ನಂಬಿ ಎದೆ ಉಬ್ಬಿಸಿಕೊಂಡು ಎದ್ದು ಬಂದ ಪೆದ್ದ ನಾನೊಬ್ಬನೇ.

ನನ್ನ ಹೊಸ ವಿಧಾನ ಕಾಗದ ಬರೆಸುವುದಾಗಿತ್ತು. ಸುಳ್ಳು ಕಾಗದವಲ್ಲ, ಅಂಚೆಯಲ್ಲಿ ಹೋಗುವ ನಿಜವಾದ ಕಾರ್ಡು. ಒಬ್ಬೊಬ್ಬರೂ ಮನೆಯಿಂದ ಒಂದು ಕಾರ್ಡು ತರಬೇಕು, ಬೇರೆ ಊರಿನಲ್ಲಿರುವ ತಮ್ಮವರಿಗೆ ಬರೆಯಬೇಕು. ಹೇಳುವುದಕ್ಕೊಂದು ವಿಷಯ, ಕೇಳುವುದಕ್ಕೊಬ್ಬ ಮನುಷ್ಯ ಇದ್ದರೆ ಮಕ್ಕಳು ತಾವಾಗಿ ಬರೆಯುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಈಗಲೂ ಅದು ತಪ್ಪೆಂದು ನಾನು ಒಪ್ಪುವುದಿಲ್ಲ.

ಮೊದಲು ನೋಟ್ ಪುಸ್ತಕದಲ್ಲಿ ಬರೆದು ತೋರಿಸಿ ಎಂದೆ. ತೋರಿಸಿದರು. ನೆತ್ತಿಯ ಮೇಲೆ 'ಶ್ರೀ'. ಎಡಗಡೆ 'ಕ್ಷೇಮ'. ಆಮೇಲೆ ತೀರ್ಥರೂಪರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ ಸಾಂಪ್ರತ, ಇತ್ತ ನಾವೆಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು. ಅಷ್ಟರಲ್ಲಿ ಕಾರ್ಡಿನ ಜಾಗವೆಲ್ಲ ಮುಗಿದಿರುತ್ತಿತ್ತು. ಉಳಿದ ಒಂದು ಸಾಲಿನಲ್ಲಿ 'ಬೇರೆ ವಿಶೇಷವೇನೂ ಇಲ್ಲ' ಎಂದು ಬರೆದು ಸಹಿ. ಕಪ್ಪು ಹಸು ಹೋಗಿ ಸಾಷ್ಟಾಂಗ ನಮಸ್ಕಾರ ಬಂದಿತ್ತು. ಮೂವತ್ತೆಂಟು ಮಕ್ಕಳು ಉದ್ದಕ್ಕೆ ಅಡ್ಡಬಿದ್ದಿದ್ದರು, ಒಬ್ಬನೂ ಎದ್ದು ನಿಂತು ಮಾತಾಡಿರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಬೋರ್ಡಿನ ಮೇಲೆ ಆ ಒಕ್ಕಣೆಯನ್ನೆಲ್ಲ ಬರೆದು, ಅವರ ಕಣ್ಣೆದುರಿಗೇ ಮೇಲಿನಿಂದ ಕೆಳಗಿನವರೆಗೆ ಒರೆಸಿದೆ. "ಇವು ಯಾವುವೂ ಬೇಡ. ಮೊದಲನೇ ಸಾಲಿನಲ್ಲೇ ವಿಷಯ. ಮೇಲ್ಗಡೆ ಏನೂ ಇರಕೂಡದು" ಎಂದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕಲಾಯಿಯವರ ಹುಡುಗ, "ನಾವು ಮ್ಯಾಲೆ ಬಿಸ್ಮಿಲ್ಲಾಕ್ಕೆ ಏಳ್ನೂರ ಎಂಬತ್ತಾರು ಅಂತ ಹಾಕ್ತೀವಿ ಸಾ. ಅದೂ ಬ್ಯಾಡೇನ್ರಿ?" ಎಂದು ಕೇಳಿದ. ಅದೂ ಬೇಡ ಎಂದೆ. ಹುಡುಗಿಯರ ಸಾಲಿನಿಂದ ಒಬ್ಬಳು ಎದ್ದು ನಿಂತಳು. ತಾನಾಗಿ ಎಂದೂ ಬಾಯಿ ಬಿಡದ ಹುಡುಗಿ. ಅವಳ ಊರು ಸೊರಬದ ಆಚೆ, ಚಂದ್ರಗುತ್ತಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಮುಂದೆ ಓದುವುದಕ್ಕೆ ಅನುಕೂಲವಿಲ್ಲವೆಂದು ಶಿಕಾರಿಪುರದಲ್ಲಿ ಸೋದರಮಾವನ ಮನೆಯಲ್ಲಿದ್ದಳು.

"ಸಾ, ಮೇಲ್ಗಡೆ ಶ್ರೀ ಇಲ್ದಿದ್ರೆ ನಮ್ಮವ್ವ..." ಎಂದಳು.

"ಕೂತ್ಕೋ!" ಎಂದು ಗದರಿದೆ. ಕೂತುಕೊಂಡಳು.

ಆ ಒಂದು ವಾಕ್ಯ ಮುಗಿಯುವವರೆಗೆ ಕಾದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವಳು ಏನು ಹೇಳಲಿದ್ದಳೆಂದು ನನಗೆ ಗೊತ್ತಿರಬೇಕಿತ್ತು. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೆ ತಾನೇ ಗೊತ್ತಿಲ್ಲ? ಶ್ರೀ ಇಲ್ಲದ, ಕ್ಷೇಮ ಇಲ್ಲದ ಕಾರ್ಡು ಬರುವುದು ಸಾವಿನ ಸುದ್ದಿಗೆ ಮಾತ್ರ. ಅದನ್ನು ಹೊಸ್ತಿಲೊಳಗೆ ತರುವುದಿಲ್ಲ. ಹೊರಗೇ ಹರಿದು ಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರುತ್ತಾರೆ. ನನ್ನ ಅಜ್ಜಿ ತೀರಿಕೊಂಡಾಗ ನಮ್ಮ ಮನೆಯಿಂದ ಅಂಥ ಕಾರ್ಡುಗಳನ್ನು ಬರೆದವನು ನಾನೇ. ಗೊತ್ತಿತ್ತು, ಎಲ್ಲವೂ ಗೊತ್ತಿತ್ತು. ಆದರೆ ಸೀಮೆಸುಣ್ಣ ಕೈಗೆ ಬಂದ ಕೂಡಲೇ ಗೊತ್ತಿದ್ದದ್ದೆಲ್ಲ ಮರೆತುಹೋಗುವ ಒಂದು ರೋಗ ಮೇಷ್ಟ್ರುಗಳಿಗೆ ಇರುತ್ತದೆ. ಅದು ನನಗೆ ಚಿಕ್ಕ ವಯಸ್ಸಿನಲ್ಲೇ ಅಂಟಿತ್ತು.

ಮಕ್ಕಳು ಬರೆದರು. ಅಬ್ಬಾ, ಎಷ್ಟು ಚೆನ್ನಾಗಿ ಬರೆದರು! ಒಬ್ಬ ಬಳ್ಳಿಗಾವಿಯಲ್ಲಿದ್ದ ತಾತನಿಗೆ ಶಾಲೆಯ ಬಾವಿಗೆ ಹೊಸ ರಾಟೆ ಹಾಕಿದ್ದನ್ನು ಬರೆದ. ಹಗ್ಗ ಎಳೆದರೆ ಅದು ಹೇಗೆ ಕಿರುಗುಟ್ಟುತ್ತದೆ ಎಂದೂ ಬರೆದ. ಒಬ್ಬಳು ಆನವಟ್ಟಿಯ ಅಕ್ಕನಿಗೆ, ನೀನು ಬಿಟ್ಟುಹೋದ ಸೀರೆಯನ್ನು ಅಮ್ಮ ಉಟ್ಟುಕೊಳ್ಳುತ್ತಿದ್ದಾಳೆ, ಕೇಳಿದರೆ ಇಲ್ಲ ಅನ್ನುತ್ತಾಳೆ ಎಂದು ಚಾಡಿ ಬರೆದಳು. ಓದುತ್ತಾ ನಾನು ಒಬ್ಬನೇ ನಕ್ಕೆ. ಮೂವತ್ತೆಂಟು ಮಕ್ಕಳಿಗೆ ಮೂವತ್ತೆಂಟು ಬಾಯಿ ಬಂದಿತ್ತು.

ಚಂದ್ರಗುತ್ತಿ ಕಡೆಯ ಹುಡುಗಿ ಬರೆದದ್ದು ಅವಳ ಅಪ್ಪನಿಗೆ. ಕೊಯ್ಲು ಹತ್ತಿರವಾಗಿದೆ, ಮನೆಯಲ್ಲಿ ಕೈ ಸಾಲದು, ಅವಳನ್ನು ಕರೆದುಕೊಂಡು ಹೋಗುತ್ತೇವೆ ಎಂದು ಊರಿನಿಂದ ಹೇಳಿ ಕಳಿಸಿದ್ದರಂತೆ. ಹೋದರೆ ವರ್ಷದ ಕೊನೆಯ ಪರೀಕ್ಷೆಗೆ ಅವಳು ಕೂರುವಂತಿಲ್ಲ. ಕೂರದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು. ಆ ಮಾತು ಅವಳ ಕಾರ್ಡಿನಿಂದಲೇ ನನಗೆ ತಿಳಿದದ್ದು. ನಾನೂ ಅವಳ ಮೇಷ್ಟ್ರು, ದಿನಾ ಅವಳ ಹಾಜರಿ ಕೂಗುವವನು! ಆ ಕಾರ್ಡಿನಲ್ಲಿ ಅಕ್ಷರ ಸಣ್ಣದು ಮಾಡಿ, ಅಂಚಿನವರೆಗೂ ಬರೆದಿದ್ದಳು. ಅದನ್ನು ನಾನು ಎರಡು ಸಲ ಓದಿ, ಒಂದಕ್ಷರವನ್ನೂ ತಿದ್ದದೆ ಕಟ್ಟಿನಲ್ಲಿ ಸೇರಿಸಿದೆ.

ಕಲಾಯಿಯವರ ಹುಡುಗ ಮಾತ್ರ ಮಾರನೆಯ ದಿನ ಕಾರ್ಡು ತಂದ. ಮೇಲ್ಗಡೆ ದಪ್ಪ ಶಾಯಿಯಲ್ಲಿ ೭೮೬ ಎಂದಿತ್ತು. ಕೇಳಿದರೆ, ನಮ್ಮ ಅಬ್ಬಾ ಬರೆದರು ಎಂದ.

"ನಾನು ಬೇಡ ಅಂದದ್ದು ಹೇಳಲಿಲ್ಲವೇನೋ?"

"ಹೇಳಿದೆ ಸಾ. ಮೇಷ್ಟ್ರು ಹೇಳಿದ್ದು ಕ್ಲಾಸಿಗೆ, ಕಾಗದ ಹೋಗೋದು ನನ್ನ ಅಕ್ಕನ ಮನಿಗೆ ಅಂದ್ರು ಅಬ್ಬಾ."

ಶಾಯಿಯನ್ನು ಒರೆಸುವ ಹಾಗಿರಲಿಲ್ಲ. ಅಪ್ಪನನ್ನೂ ಮಗನನ್ನೂ ಮನಸ್ಸಿನಲ್ಲೇ ಬೈದುಕೊಂಡು ಅದನ್ನೂ ಕಟ್ಟಿಗೆ ಸೇರಿಸಿದೆ. ನಾನೇ ಹೋಗಿ ಅಷ್ಟನ್ನೂ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಆ ಹುಡುಗನ ಸೋದರತ್ತೆಯ ಮನೆಯೊಂದನ್ನು ಬಿಟ್ಟರೆ ಉಳಿದ ಯಾವ ಮನೆಯೂ ಆ ವಾರ ಸುಖವಾಗಿರಲಿಲ್ಲ.

ಮೊದಲು ಬಂದವನು ಬಳ್ಳಿಗಾವಿಯ ತಾತ. ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತಿರುವಾಗಲೇ ಕಂಬಳಿ ಹೊದ್ದುಕೊಂಡು, ಕೆಮ್ಮುತ್ತಾ ಶಾಲೆಯ ಜಗಲಿಗೆ ಬಂದು ಕೂತ. ಅಂಗಳದಲ್ಲಿ ಕಾರ್ಡು ನೋಡಿದ ಕೂಡಲೇ ಮನೆಯ ಹೆಂಗಸರು ಒಲೆ ಆರಿಸಿ ಗೋಳಾಡಿದ್ದರಂತೆ. ಇವನು ಹೊಂಡಕ್ಕೆ ಹೋಗಿ ಮುಳುಗಿ ಬಂದು, ನಡುಗುತ್ತಾ ನಿಂತು, ಶಾನುಭೋಗರ ಮನೆಯವರಿಂದ ಓದಿಸಿದ್ದನಂತೆ.

"ಬಾವಿಗೆ ರಾಟಿ ಹಾಕ್ಯಾರ ಅಂತ ನಾನು ತಣ್ಣೀರಾಗ ಮುಳುಗಿ ಸಾಯಬೇಕೇನ್ರೀ ಮೇಷ್ಟ್ರೇ?" ಎಂದು ಕೇಳಿದ.

ಅವನ ಹಿಂದೆ ಆನವಟ್ಟಿಯಿಂದ ಬಸ್ಸಿನಲ್ಲಿ ಒಂದು ಸಂಸಾರ ಬಂತು. ಅದರ ಹಿಂದೆ ಇನ್ನೊಂದು. ಕೆಲವರು ಸತ್ತವರು ಬದುಕಿ ಸಿಕ್ಕ ಸಂತೋಷದಲ್ಲಿ ಅತ್ತು, ನಕ್ಕು, ಊಟ ಮಾಡಿಕೊಂಡು ಹೋದರು. ಕೆಲವರು ನನ್ನ ವಂಶವನ್ನೇ ಜಾಲಾಡಿಸಿದರು. ಹೆಡ್‌ಮಾಸ್ಟರು ತಲೆಯ ಮೇಲೆ ಕೈಯಿಟ್ಟುಕೊಂಡು, "ಏನ್ರೀ ಇದು! ತಾಲ್ಲೂಕಿಗೆ ತಾಲ್ಲೂಕನ್ನೇ ಸೂತಕಕ್ಕೆ ಕೆಡವಿದ್ರಲ್ರೀ! ನನ್ನ ಹಸು ಯಾರಿಗೇನು ಮಾಡಿತ್ರೀ?" ಎಂದರು. ಆ ಹಸುವಿನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು.

ನಾಲ್ಕನೆಯ ದಿನ ಮಧ್ಯಾಹ್ನ ಚಂದ್ರಗುತ್ತಿ ಕಡೆಯ ಹುಡುಗಿಯ ತಂದೆ ತಾಯಿ ಬಂದರು. ಶಾಲೆಗೆ ಬರುವ ಮೊದಲು ಸೋದರಮಾವನ ಮನೆಗೆ ಹೋಗಿದ್ದರು. ಅವನು ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಟು ನಿಂತಿದ್ದವನು, ಬೀದಿಯ ತುದಿಯಿಂದ ಎದೆ ಬಡಿದುಕೊಂಡು ಬರುತ್ತಿದ್ದ ತಂಗಿಯನ್ನು ನೋಡಿ ಗಾಬರಿಯಾದನಂತೆ. ಅವನನ್ನು ನೋಡಿದವಳೇ ಆಕೆ ಇನ್ನೂ ಜೋರಾಗಿ ಅತ್ತು ಕುಸಿದಳಂತೆ. ಅಣ್ಣ ಬದುಕಿದ್ದಾನೆ ಎಂದರೆ ಹೋದವಳು ಮಗಳೇ ಎಂದುಕೊಂಡು. ಇಲ್ಲ, ಅವಳು ಶಾಲೆಯಲ್ಲಿದ್ದಾಳೆ ಎಂದು ಹೇಳಿ ನಂಬಿಸಿ ಕಳಿಸುವುದರೊಳಗೆ ಅವನಿಗೆ ಸಾಕುಸಾಕಾಯಿತಂತೆ. ಇದೆಲ್ಲವನ್ನೂ ಹೇಳಿದ್ದು ಹುಡುಗಿಯ ತಂದೆ. ನೆರೆತ ಗಡ್ಡದ ಸಣ್ಣ ಆಳು, ಮಾತು ಮೆತ್ತಗೆ.

"ಅಂಚೆಯವ್ನು ನೋಡ್ದ. ಮೇಲ್ಗಡೆ ಎಂತೂ ಇಲ್ಲ. ಮುಂದಕ್ಕೆ ಓದಾಕೆ ಅವಂಗೂ ಬಾಯಿ ಬರ್ಲಿಲ್ಲ. ಶಿಕಾರಿಪುರದ್ದು ಅಂತ ಹೇಳಿ ಬೇಲಿ ಮೇಲಿಟ್ಟು ಹೋದ" ಎಂದ.

"ಇನ್ಯಾರ ಕೈಲಾದ್ರೂ ಓದಿಸಬಾರದಿತ್ತೇನ್ರೀ?" ಎಂದೆ. ನನ್ನ ದನಿ ಆಗಲೇ ಏರಿತ್ತು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೆ ಓದಾಕೆ ಬರಾದಿಲ್ಲ ಮೇಷ್ಟ್ರೇ. ಆದ್ರೆ ಆ ಶ್ರೀ ಒಂದು ಗೊತ್ತು. ಅದು ಇರ್ಲಿಲ್ಲ. ಇಲ್ಲಿರೋರು ನಮ್ಮೋರು ಇಬ್ರೇ. ನಮ್ಮಣ್ಣ, ನನ್ನ ಮಗಳು. ಯಾರು ಅಂತ ಕೇಳಾಕೆ ನಂಗೆ ಜೀವ ಬರ್ಲಿಲ್ಲ. ಅಲ್ಲೇ ಹರ್ದು ಹಾಕ್ದೆ."

ಗಂಡನ ಕಡೆ ನೋಡದೆ, ದನಿ ಇಳಿಸಿ ಹೇಳಿದಳು: "ಬಸ್ಸಿನಾಗೆ ದಾರಿ ಇಡೀ ಅಣ್ಣನೇ ಆಗಿರ್ಲಿ ದೇವ್ರೇ, ಅಣ್ಣನೇ ಆಗಿರ್ಲಿ ಅಂತ ಬೇಡ್ಕಂಡೆ. ಈಗ ಅವನ ಮನೇಲಿ ಹೆಂಗೆ ಉಣ್ಲಿ? ಮಗಳನ್ನ ಅಲ್ಲಿ ಹೆಂಗೆ ಬಿಡ್ಲಿ?"

ಇದಕ್ಕೆ ಏನು ಹೇಳುತ್ತೀರಿ? ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೆ ನನಗೆ ಅಸಹ್ಯವಾದಾಗಲೂ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ. ಹುಡುಗಿಯನ್ನು ಕರೆಸಿದೆ. "ನೀನು ಬರೆದದ್ದೇನು, ಹೇಳು ನಿಮ್ಮಪ್ಪನಿಗೆ" ಎಂದೆ. ಅವಳು ಬಾಗಿಲ ಹತ್ತಿರ ನಿಂತು ನೆಲ ನೋಡಿದಳು. "ಹೇಳೇ!" ಎಂದೆ. ಹೇಳಲಿಲ್ಲ. ಅಪ್ಪನೆದುರು ಹೇಳಲಾಗದ್ದಕ್ಕೇ ಅಲ್ಲವೇ ಅವಳು ಅದನ್ನು ಬರೆದದ್ದು? ಅಷ್ಟೂ ಹೊಳೆಯಲಿಲ್ಲ ನನಗೆ.

ಕಾರ್ಡು ಹರಿದು ಹೋಗಿದ್ದರೂ ಅದರ ಕರಡು ಅವಳ ನೋಟ್ ಪುಸ್ತಕದಲ್ಲಿತ್ತು. ತರಿಸಿದೆ. ತಂದೆ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಓದಿದೆ.

"ಅಪ್ಪಯ್ಯ, ನನ್ನನ್ನು ಪರೀಕ್ಷೆ ಆಗುವವರೆಗೆ ಇಲ್ಲೇ ಬಿಡಿ. ಮಾವನ ಮನೆಗೆ ನಾನು ಭಾರವಿಲ್ಲ, ದಿನಾ ನೀರು ಸೇದುವುದು ನಾನೇ. ಲೆಕ್ಕದಲ್ಲಿ ಹಿಂದೆ ಇದ್ದೆ, ಈಗ ಇಲ್ಲ. ಕೊಯ್ಲಿಗೆ ಅವ್ವನಿಗೆ ಕೈ ಸಾಲದು ಎಂದು ಗೊತ್ತು. ರಾತ್ರಿ ಮಲಗಿದಾಗ ಅದೇ ಯೋಚನೆ ಬರುತ್ತದೆ. ಪರೀಕ್ಷೆ ಮುಗಿದ ಮಾರನೇ ದಿನವೇ ಬಂದು ಎರಡರಷ್ಟು ಕೆಲಸ ಮಾಡುತ್ತೇನೆ. ನಾನು ಇದನ್ನು ಬಾಯಲ್ಲಿ ಹೇಳಿದರೆ ಅಳು ಬರುತ್ತದೆ, ನೀವು ಅಳಬೇಡ ಅನ್ನುತ್ತೀರಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಬರೆದಿದ್ದೇನೆ. ಎಮ್ಮೆ ಕರು ಹಾಕಿತೇ? ಹೆಣ್ಣುಗರುವಾದರೆ ನಾನು ಬರುವವರೆಗೆ ಮಾರಬೇಡಿ."

ಓದಿ ಮುಗಿಸಿದೆ. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಹೆಡ್‌ಮಾಸ್ಟರು ಕೂಡ ಕನ್ನಡಕ ತೆಗೆದಿದ್ದರು. ಇಂಥ ಹತ್ತು ಸಾಲು ಆ ಶಾಲೆಯಲ್ಲಿ ಹಿಂದೆಂದೂ ಯಾರೂ ಬರೆದಿರಲಾರರು. ಗೆದ್ದೆ ಅಂದುಕೊಂಡೆ. ಇದನ್ನು ಕೇಳಿದ ಮೇಲೆ ಯಾವ ತಂದೆ ತಾನೇ ಇಲ್ಲ ಅಂದಾನು?

ತಂದೆ ಮಗಳ ಕಡೆಗೆ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ಅದರಲ್ಲಿ ಹೆಮ್ಮೆಯಿತ್ತು, ನಾನು ಸುಳ್ಳು ಹೇಳುವುದಿಲ್ಲ.

"ಇಷ್ಟು ಚಂದ ಬರೆಯಾಕೆ ಬರ್ತದಲ್ಲ ಮೇಷ್ಟ್ರೇ" ಎಂದ. "ಇನ್ನೆಂತಕ್ಕೆ ಶಾಲೆ?"

ತಮಾಷೆಗೆ ಅಂದದ್ದಲ್ಲ, ಹಟಕ್ಕೆ ಅಂದದ್ದೂ ಅಲ್ಲ. ಅವನು ಮಗಳನ್ನು ಕಳಿಸಿದ್ದು ಓದು ಬರಹ ಕಲಿಯಲಿ ಎಂದು. ಕಲಿತಿದ್ದಾಳೆ, ನಾನೇ ಕೂರಿಸಿ ತೋರಿಸಿದ್ದೇನೆ. ಕೆಲಸ ಮುಗಿದಿದೆ. ಅವನಿಗೆ ಅದು ಹಗಲಿನಷ್ಟು ಸ್ಪಷ್ಟವಾಗಿತ್ತು.

ಆಗ ನಾನು ಬಾಯಿ ಮುಚ್ಚಿಕೊಂಡು, ಹತ್ತು ನಿಮಿಷ ಬಿಟ್ಟು, ಸಮಾಧಾನವಾಗಿ ಹೇಳಬೇಕಿತ್ತು. ಅಣ್ಣನ ಮನೆಯ ಮುಜುಗರವಿದ್ದರೆ ಬೇರೆ ಯಾರ ಮನೆಯಲ್ಲಾದರೂ ಇರಿಸೋಣ, ಮೂರು ತಿಂಗಳ ಮಾತು ಎನ್ನಬೇಕಿತ್ತು. ಅದರ ಬದಲು ಕೂಗಾಡಿದೆ. ನಿಮಗೆ ಬುದ್ಧಿಯಿದೆಯೇ ಎಂದೆ. ಅವಳು ಕೇಳಿದ್ದೇನು, ನೀವು ಹೇಳುವುದೇನು ಎಂದೆ. ಎಮ್ಮೆಗೆ ಕೊಡುವ ಬೆಲೆಯನ್ನು ಮಗಳಿಗೆ ಕೊಡುವುದಿಲ್ಲವಲ್ಲ ಎಂದೂ ಅಂದೆ. ತಂದೆ ಎದ್ದು ನಿಂತು ಎರಡು ಕೈ ಜೋಡಿಸಿದ. ಅದು ನಮಸ್ಕಾರವೂ ಹೌದು, ಸಾಕು ಎಂದದ್ದೂ ಹೌದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಆ ಗಾದೆಯನ್ನು ಅದೇ ಮಕ್ಕಳಿಗೆ ಅರ್ಥ ವಿವರಿಸಿ ಬರೆಯಿರಿ ಎಂದು ಕೊಟ್ಟವನು ನಾನು.

ಹುಡುಗಿ ನನ್ನ ಹತ್ತಿರ ಬಂದಳು. "ಸಾ, ಪುಸ್ತಕ" ಎಂದು ಕೈ ಚಾಚಿದಳು. ಅವಳ ನೋಟ್ ಪುಸ್ತಕ ಇನ್ನೂ ನನ್ನ ಕೈಯಲ್ಲೇ ಇತ್ತು. ಕೊಟ್ಟೆ. ಅವ್ವನ ಹಿಂದೆ ಹೊರಟುಹೋದಳು. ಸೊರಬದ ಬಸ್ಸು ಮೂರು ಗಂಟೆಗಿತ್ತು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಹೆಡ್‌ಮಾಸ್ಟರು ಅಡ್ಮಿಷನ್ ರಿಜಿಸ್ಟರು ತಂದು ನನ್ನ ಮುಂದೆ ತೆರೆದಿಟ್ಟರು. ಅವಳ ಹೆಸರಿನ ಎದುರಿಗೆ 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣ ಖಾಲಿಯಿತ್ತು. ಮೇಲಿನ ಸಾಲುಗಳಲ್ಲಿ, ಬಿಟ್ಟುಹೋದ ಎಲ್ಲ ಮಕ್ಕಳಿಗೂ ಒಂದೇ ಕಾರಣ ಬರೆದಿತ್ತು: 'ತಂದೆಯ ಕೋರಿಕೆಯಂತೆ'. ವರ್ಷಗಳಿಂದ ಅದೇ ಒಂದು.

ನಿಬ್ಬನ್ನು ಶಾಯಿಗೆ ಅದ್ದಿದೆ. 'ಚೆನ್ನಾಗಿ ಬರೆಯಲು ಕಲಿತದ್ದರಿಂದ' ಎಂದು ಬರೆಯಬೇಕು ಅನ್ನಿಸಿತು. 'ಮೇಷ್ಟ್ರು ಅವಳ ಮಾತು ಮುಗಿಯಲು ಬಿಡದ್ದರಿಂದ' ಎಂದು ಬರೆಯಬೇಕು ಅನ್ನಿಸಿತು. ಎರಡೂ ನಿಜವಾಗಿದ್ದವು, ಎರಡಕ್ಕೂ ಅಂಕಣದಲ್ಲಿ ಜಾಗವಿತ್ತು.

"ಬರೀರಿ, ಹೊತ್ತಾಯ್ತು" ಎಂದರು ಹೆಡ್‌ಮಾಸ್ಟರು.

ಮೇಲಿನ ಸಾಲನ್ನು ನೋಡಿ ದುಂಡಗೆ ಬರೆದೆ: 'ತಂದೆಯ ಕೋರಿಕೆಯಂತೆ.'